ಸುಟ್ಟವನಿಗೆ ಶಿಳ್ಳೆ, ಸತ್ತವಳ ಮೇಲೆ ದೂರು

ಒಬ್ಬ ರಾಜ. ಪರನಾಡಿನಿಂದ ಒಬ್ಬ ನರ್ತಕಿಯನ್ನು ತಂದು ಅರಮನೆಯಲ್ಲಿ ಇಟ್ಟುಕೊಂಡ. ಅವಳ ಮನಸ್ಸು ಬೇರೊಬ್ಬ ನರ್ತಕನ ಮೇಲಿತ್ತು. ರಾಜ ಅವನ ತಲೆ ಕಡಿದ, ಅವಳನ್ನು ಜೀವಸಹಿತ ಬೆಂಕಿಗೆ ಹಾಕಿದ. ಈಗ ಹೇಳಿ ಗೆಳೆಯರೇ, ಈ ಕಥೆ ಕೇಳಿದವರು ಯಾರನ್ನು ಕಂಡು ಹೆದರಬೇಕು? ಸುಟ್ಟವನನ್ನೋ, ಸುಟ್ಟುಹೋದವಳನ್ನೋ? ನಮ್ಮ ನಾಡು ಇಪ್ಪತ್ತು ವರ್ಷದಿಂದ ನಡುಗುತ್ತಿರುವುದು ಸುಟ್ಟುಹೋದ ನಾಗವಲ್ಲಿಯ ಹೆಸರು ಕೇಳಿ. ಸುಟ್ಟ ವಿಜಯ ರಾಜೇಂದ್ರ ಬಹದ್ದೂರ ತೆರೆಯ ಮೇಲೆ ಬಂದರೆ ಶಿಳ್ಳೆ ಬೀಳುತ್ತದೆ. ಇದ್ಯಾವ ನ್ಯಾಯ ಸ್ವಾಮಿ?

ಹೌದು, ಇದು ‘ಆಪ್ತಮಿತ್ರ’ ಮತ್ತು ‘ಆಪ್ತರಕ್ಷಕ’ದ ಮಾತು. ಮೊದಲನೆಯದು 2004ರಲ್ಲಿ ಬಂತು, ಎರಡನೆಯದು 2010ರಲ್ಲಿ. ಎರಡಕ್ಕೂ ನಿರ್ದೇಶಕರು ಪಿ. ವಾಸು, ಎರಡರಲ್ಲೂ ನಾಯಕ ವಿಷ್ಣುವರ್ಧನ್. ಎರಡನೆಯದು ಮೊದಲನೆಯದರ ಸಮಕ್ಕೆ ನಿಲ್ಲುತ್ತದೋ ಇಲ್ಲವೋ ಅನ್ನೋ ಜಗಳ ಹಾಸ್ಟೆಲ್ಲುಗಳಲ್ಲಿ, ಟೀ ಅಂಗಡಿಗಳಲ್ಲಿ ಇವತ್ತಿಗೂ ಮುಗಿದಿಲ್ಲ. ಹೆದರಿಕೆ ಯಾವುದರಲ್ಲಿ ಜಾಸ್ತಿ ಅಂತ ಒಬ್ಬರು ಲೆಕ್ಕ ಹಾಕ್ತಾರೆ, ಹಾಡು ಯಾವುದರಲ್ಲಿ ಚೆನ್ನ ಅಂತ ಇನ್ನೊಬ್ಬರು. ತಕ್ಕಡಿಯೇ ಸರಿಯಿಲ್ಲ. ಭೂತದ ಮನೆಯ ಕಥೆಯನ್ನು ತೂಗುವಾಗ ಕೇಳಬೇಕಾದದ್ದು ಇಷ್ಟು: ಆ ಮನೆಯಲ್ಲಿ ಯಾರು ಯಾರಿಗೆ ಏನು ಮಾಡಿದರು? ಕಥೆ ಯಾರ ಪರವಾಗಿ ಸಾಕ್ಷಿ ಹೇಳುತ್ತದೆ? ಹೀಗೆ ತೂಗಿದರೆ ‘ಆಪ್ತರಕ್ಷಕ’ ಮೇಲೇಳುತ್ತದೆ, ತೂಕವಿಲ್ಲದೆ. ಮೊದಲನೆಯದು ಬಲಗೈಲಿ ಕೊಟ್ಟದ್ದನ್ನು ಎರಡನೆಯದು ಎಡಗೈಲಿ ಕಿತ್ತುಕೊಳ್ಳುತ್ತದೆ. ನನ್ನ ತಕರಾರು ಇದು.

ಮೊದಲು ಬೇರಿನ ಮಾತು ಹೇಳಿಬಿಡೋಣ. ಈ ಕಥೆ ಹುಟ್ಟಿದ್ದು ಕನ್ನಡದಲ್ಲಲ್ಲ. 1993ರಲ್ಲಿ ಮಲಯಾಳದಲ್ಲಿ ಫಾಜಿಲ್ ‘ಮಣಿಚಿತ್ರತ್ತಾಳ್’ ತೆಗೆದರು. ಕಥೆ ಬರೆದವರು ಮಧು ಮುಟ್ಟಂ. ಅದರಲ್ಲಿ ಗಂಗೆಯೂ ಆಗಿ ನಾಗವಲ್ಲಿಯೂ ಆಗಿ ನಟಿಸಿದ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಕನ್ನಡದ ವಿನಯಾ ಪ್ರಸಾದ್ ಕೂಡ ಅದರಲ್ಲಿದ್ದರು. ಹನ್ನೊಂದು ವರ್ಷ ಆದಮೇಲೆ ದ್ವಾರಕೀಶ್ ಅದನ್ನು ಕನ್ನಡಕ್ಕೆ ತಂದರು. ಒಂದರ ಮೇಲೊಂದು ಚಿತ್ರ ಮಕಾಡೆ ಮಲಗಿ ಸೋತು ಸುಣ್ಣವಾಗಿದ್ದ ನಿರ್ಮಾಪಕನನ್ನು ನಾಗವಲ್ಲಿ ಎತ್ತಿ ನಿಲ್ಲಿಸಿದಳು. ಮರುವರ್ಷವೇ ಅದು ತಮಿಳಿನಲ್ಲಿ ‘ಚಂದ್ರಮುಖಿ’ ಆಯಿತು. 2007ರಲ್ಲಿ ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ ಆಯಿತು. ಎಷ್ಟೋ ಜನ ಬದುಕಿಕೊಂಡರು. ಬದುಕಿಸಿದವಳು ಮಾತ್ರ ಇನ್ನೂ ದೆವ್ವ.

ಹಾಗಾದರೆ ‘ಆಪ್ತಮಿತ್ರ’ ಕೊಟ್ಟದ್ದೇನು? ಅದು ಸಣ್ಣದಲ್ಲ. ನಮ್ಮ ದೆವ್ವದ ಚಿತ್ರಗಳಿಗೆ ಒಂದು ಹಳೇ ಜಾಡು ಇತ್ತು. ಮೈಮೇಲೆ ಬಂತು, ಮನೆ ಹಾಳಾಯಿತು, ಕೊನೆಗೆ ದೈವಕೃಪೆಯಿಂದ ಬಿಡುಗಡೆ ಆಯಿತು. 1979ರ ‘ನಾ ನಿನ್ನ ಬಿಡಲಾರೆ’ ನೋಡಿ ನಮ್ಮ ಅಕ್ಕ ಅಮ್ಮಂದಿರು ಕತ್ತಲಾದಮೇಲೆ ಹಿತ್ತಿಲಿಗೆ ಹೋಗಲೂ ಹೆದರಿದರಲ್ಲ, ಅದೂ ಆ ಜಾಡಿನದೇ. ‘ಆಪ್ತಮಿತ್ರ’ದಲ್ಲಿ ಮೊದಲ ಸಲ ನಾಡಿನ ದೊಡ್ಡ ನಾಯಕನೊಬ್ಬ ಮನೋವೈದ್ಯನಾಗಿ ಅರಮನೆಯ ಬಾಗಿಲು ತಟ್ಟಿದ. ತಾಯಿತ ಕಟ್ಟಲಿಲ್ಲ, ಬೇವಿನ ಸೊಪ್ಪಿನಲ್ಲಿ ಹೊಡೆಯಲಿಲ್ಲ, ಮೆಣಸಿನಕಾಯಿ ಹೊಗೆ ಹಾಕಲಿಲ್ಲ. ಕೂತು ಗಮನಿಸಿದ. ಮನೆಯಲ್ಲಿ ಸದ್ದಾಗುತ್ತಿದ್ದಾಗ ಎಲ್ಲರ ಬೆರಳು ಸೌಮ್ಯ ಅನ್ನೋ ಹುಡುಗಿಯ ಕಡೆ ತಿರುಗಿತ್ತು. ಅವಳಲ್ಲ ಅಂತ ತೋರಿಸಿಕೊಟ್ಟ. ಕಾಯಿಲೆ ಇರುವುದು ಮನೆ ಕೊಂಡ ರಮೇಶನ ಹೆಂಡತಿ ಗಂಗೆಗೆ, ಅದು ಮನಸ್ಸಿನ ಕಾಯಿಲೆ, ಅದಕ್ಕೆ ಚಿಕಿತ್ಸೆ ಉಂಟು ಅಂದ. ಜನ ಒಪ್ಪಿಕೊಂಡರು. ತಿಂಗಳುಗಟ್ಟಲೆ ಟಾಕೀಸು ತುಂಬಿಸಿ ಒಪ್ಪಿಕೊಂಡರು. ವಿಚಾರವಾದದ ನೂರು ಭಾಷಣ ಮುಟ್ಟದ ಕಡೆಗೆ ಈ ಮಾತು ಮುಟ್ಟಿತು.

ಎರಡನೆಯ ಕೊಡುಗೆ ಇನ್ನೂ ದೊಡ್ಡದು. ಕೊನೆಯಲ್ಲಿ ಡಾಕ್ಟರ್ ಏನು ಮಾಡಿದ? ನಾಗವಲ್ಲಿಯೇ ತಾನು ಅಂತ ನಂಬಿದ ಗಂಗೆಯ ಮುಂದೆ ರಾಜನ ವೇಷ ಹಾಕಿಕೊಂಡು ನಿಂತ. ಕೊನೇ ಗಳಿಗೆಯಲ್ಲಿ ಅವನ ಜಾಗಕ್ಕೆ ಗೊಂಬೆ ಬಂತು. ಅವಳ ಕಣ್ಣೆದುರು ರಾಜ ಉರಿದುಹೋದ. ಅವಳ ಸೇಡು ತೀರಿತು, ಕಾಯಿಲೆ ಇಳಿಯಿತು. ನಿಜವಾದ ಆಸ್ಪತ್ರೆಯಲ್ಲಿ ಇಂಥ ಕಾಯಿಲೆ ಒಂದೇ ರಾತ್ರಿಯಲ್ಲಿ ಹೀಗೆ ವಾಸಿಯಾಗೋದಿಲ್ಲ, ಅದು ಸಿನಿಮಾದ ಅವಸರ. ಆದರೆ ಅದರೊಳಗಿನ ಮಾತು ಗಮನಿಸಿ. ಸುಟ್ಟವನಿಗೆ ಶಿಕ್ಷೆಯಾದ ಹೊರತು ಸುಟ್ಟವಳ ಸಂಕಟ ಇಳಿಯೋದಿಲ್ಲ ಅಂತ ಆ ಚಿತ್ರ ಒಪ್ಪಿಕೊಂಡಿತು. ಗೊಂಬೆಯೇ ಇರಬಹುದು, ಸುಡಿಸಿತಲ್ಲ! ಯಾವ ಕಚೇರಿಯಲ್ಲೂ ನಡೆಯದ ವಿಚಾರಣೆ ಆ ಒಂದು ರಾತ್ರಿ ತೆರೆಯ ಮೇಲೆ ನಡೆಯಿತು.

ಅಂದಮಾತ್ರಕ್ಕೆ ಮೊದಲನೆಯ ಚಿತ್ರಕ್ಕೆ ಮಂಗಳಾರತಿ ಎತ್ತಬೇಕಾಗಿಲ್ಲ. ಅದರ ಧೈರ್ಯ ಅರ್ಧಕ್ಕೇ ನಿಂತಿತು. ಡಾಕ್ಟರ ಪಕ್ಕದಲ್ಲಿ ಒಬ್ಬ ಆಚಾರ್ಯರನ್ನು ಕೂರಿಸಿ, ಅವರ ಹೋಮ ಮಂಡಲದ ನಡುವೆಯೇ ಚಿಕಿತ್ಸೆ ಮಾಡಿಸಿತು. ವಿಜ್ಞಾನಕ್ಕೂ ಪುರೋಹಿತರ ಅಪ್ಪಣೆ ಬೇಕು ಅನ್ನೋ ಹಾಗೆ. ಇನ್ನು ನಾಗವಲ್ಲಿ ಯಾರ ಮಗಳು? ಯಾವ ಊರಿನ ಯಾವ ಕೇರಿಯವಳು? ಅವಳನ್ನು ರಾಜನಿಗೆ ಒಪ್ಪಿಸಿದವರು ಯಾರು, ಕಾಸಿಗೋ, ಕತ್ತಿಯ ಹೆದರಿಕೆಗೋ? ಚಿತ್ರ ಕೇಳಲಿಲ್ಲ. ಒಂದು ವಿಚಿತ್ರ ನೋಡಿ. ಮಲಯಾಳದಲ್ಲಿ ಈ ನರ್ತಕಿ ತಂಜಾವೂರಿನ ತಮಿಳಿನವಳು. ಕನ್ನಡಕ್ಕೂ ತಮಿಳಿಗೂ ಬಂದಾಗ ತೆಲುಗಿನವಳು. ಹಿಂದಿಗೆ ಹೋದಾಗ ಬಂಗಾಳದವಳು. ಎಲ್ಲಿ ಹೋದರೂ ಅವಳು ಪಕ್ಕದ ಮನೆಯವಳು, ತನ್ನ ಮನೆಯವಳಲ್ಲ. ಯಾವ ಭಾಷೆಯೂ ಅವಳನ್ನು ‘ನಮ್ಮ ಹುಡುಗಿ’ ಅಂತ ಕರೆಯಲಿಲ್ಲ. ರಾಜ ಮಾತ್ರ ಎಲ್ಲಾ ಕಡೆಯೂ ನಮ್ಮವನೇ. ಸುಡುವವನು ನಮ್ಮ ಅರಮನೆಯವನು, ಸುಟ್ಟುಹೋಗುವವಳು ಎಲ್ಲಿಂದಲೋ ಬಂದವಳು. ಹೀಗೆ ಹೇಳಿದರೆ ನೋಡುವವರ ಹೊಟ್ಟೆ ಉರಿಯೋದಿಲ್ಲ, ಮನಸ್ಸಿಗೂ ಭಾರವಾಗೋದಿಲ್ಲ. ನಮ್ಮೂರ ಹೆಣ್ಣು ಅಂದಿದ್ದರೆ ಕೇಳಬೇಕಾದ ಪ್ರಶ್ನೆಗಳು ಬಹಳ ಇದ್ದವು.

ಆರು ವರ್ಷದ ಮೇಲೆ ಎರಡನೆಯ ಭಾಗ ಬಂತು. ಮೊದಲನೆಯದು ಕೇಳದೆ ಬಿಟ್ಟ ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಬೇಕಿತ್ತೇ? ‘ಆಪ್ತರಕ್ಷಕ’ ಏನು ಮಾಡಿತು? ನಾಗವಲ್ಲಿಯ ಒಂದು ಚಿತ್ರಪಟ ಮಾಡಿತು. ನೃತ್ಯದಲ್ಲಿ ಗೆದ್ದವಳಿಗೆ ಬಹುಮಾನವಾಗಿ ಅದು ಸಿಗುತ್ತದೆ. ಪಟ ಮನೆಯಿಂದ ಮನೆಗೆ ಹೋಗುತ್ತದೆ, ಹೋದಲ್ಲೆಲ್ಲ ಕೇಡು. ಮದುವೆ ಮನೆಯಲ್ಲಿ ಅಪಶಕುನ, ಭಾರೀ ಹಾವು, ಕಿರುಚಾಟ. ಮನೆಯ ಹೆಣ್ಣುಮಕ್ಕಳಲ್ಲಿ ಯಾರ ಮೇಲೆ ಅವಳು ಬಂದಿದ್ದಾಳೆ ಅನ್ನೋ ಹುಡುಕಾಟ. ಗಮನಿಸಿ, ಆ ಮನೆಯ ಗಂಡಸರನ್ನು ಯಾರೂ ಅನುಮಾನಿಸೋದಿಲ್ಲ. ದೆವ್ವ ಬರುವುದಿದ್ದರೆ ಹೆಣ್ಣಿನ ಮೇಲೇ ಬರಬೇಕು.

ಮೊದಲ ಚಿತ್ರದಲ್ಲಿ ದೆವ್ವ ಇಲ್ಲ ಅಂದ ಡಾಕ್ಟರೇ ಇಲ್ಲೂ ಇದ್ದಾನೆ. ಕಾಯಿಲೆ ಅನ್ನೋ ಮಾತೂ ಹೆಸರಿಗೆ ಇದೆ. ಆದರೆ ಚಿತ್ರದ ಮೈಯೆಲ್ಲಾ ಬೇರೆ ಮಾತಾಡುತ್ತದೆ. ಬಾಯಲ್ಲಿ ಮನಶ್ಶಾಸ್ತ್ರ, ಕಣ್ಣಿಗೆ ಮಾಟಮಂತ್ರ. ಪಟ ಕೇಡು ತರುತ್ತದೆ ಅನ್ನೋದನ್ನು ಡಾಕ್ಟರ್ ಹತ್ತು ಮಾತಿನಲ್ಲಿ ಅಲ್ಲಗಳೆದರೂ ಕ್ಯಾಮೆರಾ ನೂರು ಸಲ ಹೌದು ಹೌದು ಅನ್ನುತ್ತದೆ. ನೋಡಿದವನು ಮನೆಗೆ ಹೊತ್ತುಕೊಂಡು ಹೋಗುವುದು ಯಾವುದನ್ನು? ಕೇಳಿದ್ದನ್ನು ಮರೆಯುತ್ತಾನೆ, ಕಂಡದ್ದು ಉಳಿಯುತ್ತದೆ.

ಮುಖ್ಯ ಮೋಸ ಇನ್ನು ಬರುತ್ತದೆ. ನೂರು ವರ್ಷ ಯಾವತ್ತೋ ದಾಟಿದ ರಾಜ ವಿಜಯ ರಾಜೇಂದ್ರ ಬಹದ್ದೂರ ಇನ್ನೂ ಬದುಕಿದ್ದಾನೆ ಅಂತ ಈ ಚಿತ್ರ ಹೇಳುತ್ತದೆ. ಒಂದು ಗಳಿಗೆ ಮೈ ಜುಮ್ಮೆನ್ನುತ್ತದೆ. ಎಂಥಾ ಅವಕಾಶ! ಸುಟ್ಟವನು ಸಿಕ್ಕಿಬಿದ್ದ. ಇನ್ನು ಗೊಂಬೆ ಬೇಕಾಗಿಲ್ಲ, ನಿಜವಾದ ಆರೋಪಿಯೇ ಕಟಕಟೆಗೆ ಬರಬಹುದು. ಸತ್ತವಳು ಒಂದೇ ಒಂದು ಪ್ರಶ್ನೆ ಕೇಳಬಹುದು. ಪಾಳೇಗಾರಿಕೆ ಸತ್ತಿಲ್ಲ, ಕೋಟೆಯೊಳಗೆ ಕೂತು ಉಸಿರಾಡುತ್ತಿದೆ ಅನ್ನೋದಕ್ಕಿಂತ ಒಳ್ಳೆಯ ರೂಪಕ ಸಿಗುತ್ತದೆಯೇ? ನಮ್ಮ ಹಳ್ಳಿಗಳನ್ನು ಬಲ್ಲವನು ಯಾರೂ ಇದನ್ನು ಸುಳ್ಳು ಅನ್ನಲಾರ.

ಆದರೆ ಚಿತ್ರ ಆ ಬಾಗಿಲು ತೆರೆದು, ಒಳಗೆ ಕಟಕಟೆ ಇಡುವ ಬದಲು ಸಿಂಹಾಸನ ಇಟ್ಟಿತು. ರಾಜನಿಗೆ ಗತ್ತು ಕೊಟ್ಟಿತು, ಆರ್ಭಟ ಕೊಟ್ಟಿತು, ಕುದುರೆ ಕತ್ತಿ ಮೀಸೆ ಕೊಟ್ಟಿತು. ಅವನ ‘ಹೌಲಾ ಹೌಲಾ’ ನಾಡಿನ ಬಾಯಲ್ಲಿ ಉಳಿದುಬಿಟ್ಟಿತು. ಗಣಪತಿ ಮೆರವಣಿಗೆಯಲ್ಲಿ, ಶಾಲಾ ವಾರ್ಷಿಕೋತ್ಸವದಲ್ಲಿ, ಆಟೋ ಹಿಂದಿನ ಗಾಜಿನಲ್ಲಿ ಅವನೇ. ಹುಡುಗರು ಅವನ ಹಾಗೆ ನಗುತ್ತಾರೆ. ಒಬ್ಬ ಹೆಣ್ಣುಮಗಳನ್ನು ಬೆಂಕಿಗೆ ಹಾಕಿದವನ ನಗೆ ಅದು ಅಂತ ಯಾರಿಗೆ ನೆನಪಿದೆ? ರಾಮನಾಥನ ಕಡಿದ ತಲೆ ಯಾರಿಗೆ ನೆನಪಿದೆ? ಮೊದಲ ಚಿತ್ರದಲ್ಲಿ ರಾಜ ನಾಗವಲ್ಲಿಯ ಕಥೆಯೊಳಗೆ ಬಂದ ಖೂಳ. ಎರಡನೆಯದರಲ್ಲಿ ನಾಗವಲ್ಲಿ ರಾಜನ ಕಥೆಯೊಳಗೆ ಬಂದ ಒಂದು ನೆಪ. ಕಥೆಯ ಯಜಮಾನಿಕೆಯೇ ಕೈ ಬದಲಾಯಿತು.

ಇಷ್ಟು ಹೇಳಿದ ತಕ್ಷಣ ಕೆಲವರು ತೋಳು ಮಡಚುತ್ತಾರೆ. ‘ವಿಷ್ಣು ಅಣ್ಣನ ಬಗ್ಗೆ ಮಾತಾಡ್ತೀಯಾ?’ ಇಲ್ಲ ತಮ್ಮಾ, ಕೇಳು. ‘ಆಪ್ತರಕ್ಷಕ’ ತೆರೆಗೆ ಬರುವ ಹೊತ್ತಿಗೆ ವಿಷ್ಣುವರ್ಧನ್ ಇರಲಿಲ್ಲ. 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತವಾಗಿ ಹೋಗಿಬಿಟ್ಟಿದ್ದರು. ಐವತ್ತೊಂಬತ್ತು ವಯಸ್ಸು. ಸತ್ತ ನಾಯಕ ತೆರೆಯ ಮೇಲೆ ನಡೆದುಬರುವಾಗ ಜನ ಅತ್ತರು. ಆ ಕಣ್ಣೀರು ನಿಜ, ಅದಕ್ಕೆ ಕೈಮುಗಿಯೋಣ. ಡಾಕ್ಟರಾಗಿ ತಣ್ಣಗೆ, ರಾಜನಾಗಿ ಬೆಂಕಿಯಂತೆ ಅವರು ನಟಿಸಿದ್ದೂ ನಿಜ. ಅವರಿಲ್ಲದಿದ್ದರೆ ಆ ಚಿತ್ರ ಎರಡು ವಾರ ನಿಲ್ಲುತ್ತಿತ್ತೋ ಇಲ್ಲವೋ. ಆದರೆ ನಟ ದೊಡ್ಡವನು ಅಂದರೆ ಪಾತ್ರ ಒಳ್ಳೆಯದು ಅಂತಲ್ಲ, ಚಿತ್ರ ಒಳ್ಳೆಯದು ಅಂತಲೂ ಅಲ್ಲ. ಬಯಲಾಟದಲ್ಲಿ ಕೀಚಕನ ವೇಷ ಚೆನ್ನಾಗಿ ಕಟ್ಟಿದವನಿಗೆ ಊರು ಆಹೇರಿ ಕೊಡುತ್ತದೆ, ಕೀಚಕನಿಗೆ ಕೊಡೋದಿಲ್ಲ. ಈ ವ್ಯತ್ಯಾಸ ನಮ್ಮ ಓದುಬಾರದ ಅಜ್ಜಿಯರಿಗೆ ಗೊತ್ತಿತ್ತು.

‘ಸಿನಿಮಾ ಅಂದ್ರೆ ಮನರಂಜನೆ, ಅದರಲ್ಲೇನ್ರೀ ನ್ಯಾಯ ಹುಡುಕೋದು?’ ಅಂತ ಇನ್ನು ಕೆಲವರು ಕೇಳ್ತಾರೆ. ಆ ಮನರಂಜನೆ ಟಾಕೀಸಿನೊಳಗೇ ಉಳಿದಿದ್ದರೆ ಈ ಮಾತು ಒಪ್ಪಬಹುದಿತ್ತು. ಹೊರಗೆ ಏನಾಯಿತು ನೋಡಿ. ಗಂಗೆಯಾಗಿ ನಟಿಸಿದ ಮುಳಬಾಗಿಲಿನ ಮಗಳು ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ಪುಟ್ಟ ವಿಮಾನ ಬಿದ್ದು ತೀರಿಕೊಂಡರು. ಚುನಾವಣಾ ಪ್ರಚಾರಕ್ಕೆ ಹೊರಟಿದ್ದರು. ‘ಆಪ್ತಮಿತ್ರ’ ತೆರೆಕಂಡದ್ದು ಆಮೇಲೆ, ಆಗಸ್ಟಿನಲ್ಲಿ. ಐದು ವರ್ಷದ ಮೇಲೆ ವಿಷ್ಣುವರ್ಧನ್ ಹೋದರು. ವಿಮಾನ ಬಿದ್ದದ್ದು ಒಂದು ಕಾರಣಕ್ಕೆ, ಹೃದಯ ನಿಂತದ್ದು ಇನ್ನೊಂದು ಕಾರಣಕ್ಕೆ. ಆದರೆ ನಾಡಿನ ತುಂಬ ಹಬ್ಬಿದ್ದು ಒಂದೇ ಮಾತು: ನಾಗವಲ್ಲಿಯ ಕಾಟ, ನಾಗವಲ್ಲಿಯ ಶಾಪ!

ಇದಕ್ಕೆ ಉತ್ತರ ಕೊಡುವುದು ಕಷ್ಟವೇ? ಮೊದಲು ನಾಗವಲ್ಲಿಯಾದ ಶೋಭನಾ ಇವತ್ತಿಗೂ ಗೆಜ್ಜೆ ಕಟ್ಟುತ್ತಿದ್ದಾರೆ, 2025ರಲ್ಲಿ ಅವರಿಗೆ ಪದ್ಮಭೂಷಣ ಬಂತು. ತಮಿಳಿನ ಜ್ಯೋತಿಕಾ, ಹಿಂದಿಯ ವಿದ್ಯಾ ಬಾಲನ್ ಅವರಿಗೆ ಹೆಸರು ತಂದುಕೊಟ್ಟದ್ದೇ ಈ ಪಾತ್ರ. ಅವಳನ್ನು ಮತ್ತೆ ಮತ್ತೆ ತೆರೆಗೆ ತಂದ ವಾಸು 2023ರಲ್ಲೂ ‘ಚಂದ್ರಮುಖಿ 2’ ತೆಗೆದರು. ಶಾಪ ಇವರೆಲ್ಲರ ವಿಳಾಸ ಮರೆತುಬಿಟ್ಟಿತೋ? ಪ್ರಶ್ನೆ ಇಷ್ಟಕ್ಕೇ ಮುಗಿಯೋದಿಲ್ಲ. ಕಟ್ಟುಕಥೆಯನ್ನೇ ನಂಬುವುದಾದರೆ, ಅದರಲ್ಲಿ ಕೊಲೆ ಮಾಡಿದವನು ರಾಜ. ಸಾವು ನಡೆದಾಗ ‘ಇದು ರಾಜನ ಪಾಪ’ ಅಂತ ಒಬ್ಬನಾದರೂ ಅಂದನೇ? ಇಲ್ಲ. ದೂರು ಹೋದದ್ದು ಸುಟ್ಟುಹೋದವಳ ಮೇಲೆ. ಬದುಕಿದ್ದಾಗ ಅವಳನ್ನು ರಾಜ ಸುಟ್ಟ, ಕಥೆಯಾದಮೇಲೆ ನಾವು ಸುಡುತ್ತಿದ್ದೇವೆ. ಈ ಅಭ್ಯಾಸವನ್ನು ಬಿಡಿಸುವ ಕೆಲಸವನ್ನು ‘ಆಪ್ತಮಿತ್ರ’ ಶುರುಮಾಡಿತ್ತು. ಕೇಡಿನ ಪಟವನ್ನು ಮನೆಮನೆಗೆ ಹೊತ್ತು ತಿರುಗಿಸಿದ ‘ಆಪ್ತರಕ್ಷಕ’ ಅದನ್ನು ಕೆಡಿಸಿತು.

ಇದು ಕನ್ನಡದ್ದಷ್ಟೇ ರೋಗವೂ ಅಲ್ಲ. ‘ಆಪ್ತರಕ್ಷಕ’ ಅದೇ 2010ರಲ್ಲಿ ತೆಲುಗಿಗೆ ‘ನಾಗವಲ್ಲಿ’ಯಾಗಿ ಹೋಯಿತು. 2007ರ ‘ಭೂಲ್ ಭುಲಯ್ಯಾ’ದಲ್ಲಿ ದೆವ್ವ ಇರಲಿಲ್ಲ, ಕಾಯಿಲೆ ಇತ್ತು. 2022ರ ‘ಭೂಲ್ ಭುಲಯ್ಯಾ 2’ರಲ್ಲಿ ದೆವ್ವ ನಿಜವಾಗಿಯೇ ಬಂತು. ‘ಚಂದ್ರಮುಖಿ 2’ರಲ್ಲೂ ಆತ್ಮಗಳು ನಿಜ. ಕನ್ನಡದ ಎರಡನೆಯದು ಹೋದ ದಾರಿಯಲ್ಲೇ ಇವೂ ಹೋದವು. ಮೊದಲನೆಯವು ‘ಹೆದರಬೇಡಿ, ಇದು ಕಾಯಿಲೆ’ ಅಂದವು. ಮುಂದಿನವು ‘ತಮಾಷೆ ಮಾಡಿದೆವು, ದೆವ್ವ ಇದ್ದದ್ದೇ’ ಅಂದವು. ಯಾಕೆ? ಕಾಯಿಲೆ ವಾಸಿಯಾದರೆ ಕಥೆ ಮುಗಿಯುತ್ತದೆ. ದೆವ್ವ ಮುಗಿಯೋದಿಲ್ಲ. ಅದನ್ನು ಎರಡು ಮೂರು ನಾಲ್ಕು ಅಂತ ನಂಬರು ಹಾಕಿ ಮಾರುತ್ತಾ ಹೋಗಬಹುದು. ವಾಸಿಯಾದ ರೋಗಿ ವ್ಯಾಪಾರಕ್ಕೆ ನಷ್ಟ. ಮಂತ್ರವಾದಿಗೆ ಈ ಲೆಕ್ಕ ಮೊದಲೇ ಗೊತ್ತಿತ್ತು, ಸಿನಿಮಾದವರು ಈಗ ಕಲಿತರು.

ಈ ವ್ಯಾಪಾರದ ಬೆಲೆ ಕೊಡುವವರು ಯಾರು? ಗಂಗೆಗೆ ಅರಮನೆ ಇತ್ತು, ಪ್ರೀತಿಸುವ ಗಂಡ ಇದ್ದ, ಗಂಡನಿಗೆ ಡಾಕ್ಟರ್ ಗೆಳೆಯ ಇದ್ದ. ಇದ್ಯಾವುದೂ ಇಲ್ಲದವರ ಗತಿ ಏನು? ‘ಆಪ್ತಮಿತ್ರ’ ಬರುವ ಮೂರು ವರ್ಷ ಮುಂಚೆ, 2001ರ ಆಗಸ್ಟ್ 6ರಂದು, ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಒಂದು ಕೊಟ್ಟಿಗೆಗೆ ಬೆಂಕಿ ಬಿತ್ತು. ಅವರ ಕಾಲಿಗೆ ಸರಪಳಿ ಹಾಕಿದ್ದರು. ಓಡಲಾಗಲಿಲ್ಲ. 28 ಜನ ಸತ್ತರು. ಗಾಳಿ ಬಿಡಿಸುತ್ತಾರೆ, ವಾಸಿಯಾಗುತ್ತದೆ ಅಂತ ನಂಬಿ ಮನೆಯವರೇ ಕರೆದುಕೊಂಡು ಹೋಗಿ ಬಿಟ್ಟುಬಂದಿದ್ದವರು ಅವರಲ್ಲಿ ಇದ್ದರು. ಸಿನಿಮಾದ ಬೆಂಕಿಯಲ್ಲಿ ಗೊಂಬೆ ಸುಡುತ್ತದೆ, ನಿಜವಾದ ಬೆಂಕಿಯಲ್ಲಿ ಸುಡುವವರು ಇವರು. ದೆವ್ವ ಇದೆ ಅಂತ ಮತ್ತೆ ಮತ್ತೆ ತೋರಿಸುವ ಪ್ರತಿಯೊಂದು ಚಿತ್ರವೂ ಆ ಸರಪಳಿಗೆ ಒಂದು ಕೊಂಡಿ ಸೇರಿಸುತ್ತದೆ. ಇಲ್ಲ, ಇದು ಕಾಯಿಲೆ ಅಂತ ತೋರಿಸುವ ಚಿತ್ರ ಒಂದು ಕೊಂಡಿ ಬಿಚ್ಚುತ್ತದೆ. ‘ಆಪ್ತಮಿತ್ರ’ಕ್ಕೂ ‘ಆಪ್ತರಕ್ಷಕ’ಕ್ಕೂ ಇರುವ ಅಂತರ ಇಷ್ಟು ದೊಡ್ಡದು.

ಈ ನಾಡಿನಲ್ಲಿ ಬೇರೆ ದಾರಿಯೂ ಇತ್ತು ಅನ್ನೋದನ್ನು ಮರೆಯಬಾರದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡ ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿ ಕಟ್ಟಿದರು. 1980ರ ದಶಕದಲ್ಲಿ ನಿಮ್ಹಾನ್ಸ್ ಡಾಕ್ಟರುಗಳು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಿಸಿ ತೋರಿಸಿದರು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಅದೇ ಮಾದರಿಯಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗಿಗೆ ಸರಪಳಿ ಹಾಕಕೂಡದು ಅನ್ನುತ್ತದೆ. ದೆವ್ವ ಬಿಡಿಸುವ ನೆವದಲ್ಲಿ ಕಟ್ಟಿಹಾಕಿ ಹೊಡೆಯುವುದು ಅಪರಾಧ ಅಂತ ಅದೇ ವರ್ಷ ಕರ್ನಾಟಕದ ಸದನಗಳು ಕಾನೂನು ಮಾಡಿದವು, 2020ರಲ್ಲಿ ಅದು ಜಾರಿಗೆ ಬಂತು. ಕಾನೂನು ಮುಂದೆ ನಡೆಯುತ್ತಿರುವಾಗ ಸಿನಿಮಾ ಹಿಂದಕ್ಕೆ ನಡೆದರೆ ಅದಕ್ಕೆ ಶಿಳ್ಳೆ ಹೊಡೆಯಬೇಕೇ?

ಹಳ್ಳಿ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಮಾತು. ನಿಮ್ಮ ತರಗತಿಯ ಮಕ್ಕಳು ಈ ಎರಡೂ ಚಿತ್ರ ಟಿ.ವಿ.ಯಲ್ಲಿ ನೋಡಿರುತ್ತಾರೆ. ನೋಡಬೇಡಿ ಅಂತ ಬೆತ್ತ ತೋರಿಸಬೇಡಿ. ನೋಡಿದ ಮೇಲೆ ಕೇಳಿ: ನಾಗವಲ್ಲಿ ಮಾಡಿದ ತಪ್ಪೇನು? ರಾಜನಿಗೆ ಯಾಕೆ ಯಾರೂ ಹೆದರಲಿಲ್ಲ? ಪಟ ಕೇಡು ಮಾಡಿತೋ, ಮನುಷ್ಯರು ಮಾಡಿದರೋ? ಊರಿನಲ್ಲಿ ಯಾವುದಾದರೂ ಹುಡುಗಿಯ ಮೈಮೇಲೆ ಬರುತ್ತದೆ ಅಂದರೆ, ಏನು ಬರುತ್ತದೆ ಅಂತ ಕೇಳುವ ಮೊದಲು ಅವಳಿಗೆ ಏನಾಗಿದೆ ಅಂತ ಕೇಳಿ. ಗಂಡನ ಮನೆಯಲ್ಲಿ ಏನಾಯಿತು, ಓದು ಯಾಕೆ ಬಿಡಿಸಿದರು, ಹೊಟ್ಟೆಗೆ ಸರಿಯಾಗಿ ಬಿದ್ದು ಎಷ್ಟು ದಿನವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. 14416ಕ್ಕೆ ಫೋನ್ ಮಾಡಿದರೆ ಟೆಲಿಮನಸ್‌ನವರು ಕಾಸಿಲ್ಲದೆ ಮಾತಾಡುತ್ತಾರೆ, ಕನ್ನಡದಲ್ಲೇ.

ಇನ್ನು ಸಿನಿಮಾದವರಿಗೆ. ‘ಆಪ್ತಮಿತ್ರ’ಕ್ಕೆ ನಿಜವಾದ ಎರಡನೆಯ ಭಾಗ ಇನ್ನೂ ಬಂದಿಲ್ಲ. ಅದನ್ನು ತೆಗೆಯುವ ಎದೆ ಯಾರಿಗಾದರೂ ಇದ್ದರೆ ಅರಮನೆಯ ಬೀಗ ಹಾಕಿದ ಕೋಣೆಯಿಂದ ಶುರುಮಾಡಬೇಡಿ. ಅವಳು ಹುಟ್ಟಿದ ಮನೆಯಿಂದ ಶುರುಮಾಡಿ. ಪಲ್ಲಕ್ಕಿ ಹೊತ್ತವರು ಯಾರು, ಕಟ್ಟಿಗೆ ಒಟ್ಟಿದವರು ಯಾರು, ಕೊಳ್ಳಿ ಇಟ್ಟಾಗ ಸುಮ್ಮನೆ ನಿಂತವರು ಯಾರು, ಒಬ್ಬೊಬ್ಬರನ್ನೂ ತೋರಿಸಿ. ಅಷ್ಟು ಮಾಡಿದರೆ ಹಾವು ಬೇಕಾಗೋದಿಲ್ಲ, ಕಿರುಚಾಟ ಬೇಕಾಗೋದಿಲ್ಲ, ಜನ ತಾವಾಗಿಯೇ ಬೆವರುತ್ತಾರೆ. ನಾಗವಲ್ಲಿಯನ್ನು ಇಷ್ಟು ವರ್ಷ ಓಡಿಸಿದ್ದು ಸಾಕು. ಕೂರಿಸಿ, ನೀರು ಕೊಡಿ, ಅವಳ ದೂರು ಬರೆದುಕೊಳ್ಳಿ.